ಉಪಗ್ರಹ ರೇಡಿಯೋ: ವಾಹನದಲ್ಲಿ, ಟ್ರ್ಯಾಕ್ಟರಿನಲ್ಲಿ, ಕೊಟ್ಟಿಗೆಯಲ್ಲಿ

‘ಆಕಾಶವಾಣಿ’ ಎಂಬ ಮಾತು ನಮ್ಮ ಪುರಾಣಗಳಷ್ಟೇ ಹಳೆಯದು. ೧೯೩೫ರಲ್ಲಿ ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಸ್ಥಾಪಿಸಿದ ಬಾನುಲಿ ನಿಲಯ ಆ ಹೆಸರನ್ನು ಪಡೆಯಿತು. ಆದರೆ ಹೆಸರು ಆಕಾಶದ್ದಾದರೂ ವಾಣಿ ಹೊರಡುತ್ತಿದ್ದುದು ನೆಲದ ಮೇಲೆ ನೆಟ್ಟ ಕಂಬದಿಂದ. ಅಕ್ಷರಾರ್ಥದಲ್ಲಿ ಆಕಾಶದಿಂದಲೇ ಇಳಿದುಬರುವ ವಾಣಿಯೂ ಈಗ ಉಂಟು. ಅದೇ ಉಪಗ್ರಹ ರೇಡಿಯೋ. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಗ್ರಾಹಕಯಂತ್ರವನ್ನು ಮೋಟಾರು ವಾಹನಕ್ಕೂ ಟ್ರ್ಯಾಕ್ಟರಿಗೂ ದನದ ಕೊಟ್ಟಿಗೆಗೂ ಒಯ್ದು ಕೇಳುವ ಪದ್ಧತಿ ಅಮೆರಿಕದಲ್ಲಿ ಬೆಳೆದಿದೆ. ಅದು ಹೇಗೆ ನಡೆಯುತ್ತದೆ, ಅದರಿಂದ ನಾವು ತಿಳಿಯತಕ್ಕದ್ದೇನು ಎಂಬುದನ್ನು ನೋಡೋಣ.

ಮೊದಲು ಅದರ ಅಗತ್ಯವೇನೆಂಬುದನ್ನು ವಿಚಾರಿಸೋಣ. ನೆಬ್ರಾಸ್ಕ, ಕಾನ್ಸಸ್, ಡಕೋಟ ಮೊದಲಾದ ಪ್ರಾಂತಗಳಲ್ಲಿ ಬಯಲು ಕಣ್ಣು ಹಾಯುವಷ್ಟು ದೂರ ಹರಡಿದೆ, ಊರುಗಳು ವಿರಳ. ಎಫ್.ಎಂ. ಪ್ರಸಾರ ಹೆಚ್ಚುಕಡಿಮೆ ದೃಷ್ಟಿ ಹಾಯುವ ದೂರಕ್ಕಷ್ಟೇ ತಲುಪುತ್ತದೆ. ಮಧ್ಯಮ ತರಂಗ ಬಹುದೂರ ಹೋದರೂ ಸಿಡಿಲು ಮಿಂಚಿಗೆ ಗರಗರ ಎನ್ನುತ್ತದೆ. ರಾತ್ರಿಯಲ್ಲಿ ದೂರದ ನಿಲಯಗಳು ಒಂದರ ಮೇಲೊಂದು ಬೀಳುತ್ತವೆ. ಬಿತ್ತನೆ, ಕೊಯ್ಲುಗಳ ಕಾಲದಲ್ಲಿ ದಿನಕ್ಕೆ ಹತ್ತು ಹನ್ನೆರಡು ಗಂಟೆ ಯಂತ್ರದ ಮೇಲೆ ಒಂಟಿಯಾಗಿ ಕುಳಿತವನಿಗೆ ಧಾನ್ಯದ ಧಾರಣೆಯೂ ಬೇಕು, ಸುದ್ದಿಯೂ ಬೇಕು, ಒಂದು ಹಾಡೂ ಬೇಕು. ಇಂಥವರನ್ನೇ ಉದ್ದೇಶಿಸಿ ‘ರೂರಲ್ ರೇಡಿಯೋ’ ಎಂಬ ಉಪಗ್ರಹ ವಾಹಿನಿಯೊಂದು ೨೦೧೩ರಲ್ಲಿ ಆರಂಭವಾಯಿತು.

ಅಮೆರಿಕದಲ್ಲಿ ಈ ಸೇವೆಗೆ ಮೀಸಲಾಗಿರುವ ಕಂಪನ ಸಂಖ್ಯೆ ೨೩೨೦ರಿಂದ ೨೩೪೫ ಮೆಗಾಹರ್ಟ್ಸ್. ಎಕ್ಸ್‌ಎಂ ಎಂಬ ಸಂಸ್ಥೆ ೨೦೦೧ರಲ್ಲಿ ‘ರಾಕ್’, ‘ರೋಲ್’ ಎಂಬ ಎರಡು ಉಪಗ್ರಹಗಳನ್ನು ಹಾರಿಸಿ ಅದೇ ವರ್ಷ ಪ್ರಸಾರ ಆರಂಭಿಸಿತು. ಸಿರಿಯಸ್ ಎಂಬ ಇನ್ನೊಂದು ಸಂಸ್ಥೆ ೨೦೦೨ರಲ್ಲಿ ಸೇವೆಗಿಳಿಯಿತು. ೨೦೦೮ರಲ್ಲಿ ಎರಡೂ ಒಂದಾದವು. ಎಕ್ಸ್‌ಎಂ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರು ಎತ್ತರದಲ್ಲಿ, ಭೂಮಿ ತಿರುಗುವಷ್ಟೇ ವೇಗದಲ್ಲಿ ಸುತ್ತುತ್ತಿದ್ದವು. ಆದುದರಿಂದ ನೋಡುವವರಿಗೆ ಅವು ಧ್ರುವ ನಕ್ಷತ್ರದಂತೆ ಒಂದೆಡೆ ನಿಂತಂತೆಯೇ ಸರಿ. ಸಿರಿಯಸ್ಸಿನ ಮೊದಲ ಮೂರು ಉಪಗ್ರಹಗಳಾದರೋ ಮೊಟ್ಟೆಯಾಕಾರದ ಓರೆ ಕಕ್ಷೆಯಲ್ಲಿ ಸುತ್ತುತ್ತ, ಸರದಿಯ ಮೇಲೆ ಅಮೆರಿಕದ ನೆತ್ತಿಯ ಮೇಲೆ ಬಂದು ಕಾವಲು ನಿಲ್ಲುತ್ತಿದ್ದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓಡುವ ವಾಹನ ಸೇತುವೆಯ ಕೆಳಗೆ ನುಸುಳಿದಾಗ ಆಕಾಶ ಮರೆಯಾಗುತ್ತದೆ. ಆಗ ಹಾಡು ನಿಲ್ಲಬೇಡವೇ? ನಿಲ್ಲದಂತೆ ಮಾಡಿದ ಉಪಾಯ ಸೊಗಸಾಗಿದೆ. ಒಂದೇ ಕಾರ್ಯಕ್ರಮವನ್ನು ಎರಡು ದಾರಿಗಳಲ್ಲಿ ಕಳುಹಿಸುತ್ತಾರೆ; ಒಂದನ್ನು ಇನ್ನೊಂದಕ್ಕಿಂತ ಕೆಲವು ಸೆಕೆಂಡು ತಡವಾಗಿ. ಯಂತ್ರವು ಬಂದುದನ್ನು ತನ್ನ ಸ್ಮರಣೆಯಲ್ಲಿ ಕೂಡಿಟ್ಟುಕೊಂಡು, ಒಂದರಲ್ಲಿ ಕಳೆದುದನ್ನು ಇನ್ನೊಂದರಿಂದ ತುಂಬಿಕೊಳ್ಳುತ್ತದೆ. ಕಣಜದಲ್ಲಿ ಕಾಳಿದ್ದರೆ ಒಂದು ದಿನ ಸಂತೆ ತಪ್ಪಿದರೂ ಒಲೆ ಆರದು, ಅಲ್ಲವೇ? ಇನ್ನು ದೊಡ್ಡ ಪಟ್ಟಣಗಳಲ್ಲಿ ಎತ್ತರದ ಕಟ್ಟಡಗಳ ನಡುವೆ ಉಪಗ್ರಹ ಕಾಣದ ಕಡೆ, ಅದೇ ಪ್ರಸಾರವನ್ನು ನೆಲದಿಂದ ಮರುಪ್ರಸಾರ ಮಾಡುವ ಕಂಬಗಳನ್ನು ನಿಲ್ಲಿಸಿದ್ದಾರೆ.

ಈಗ ಬಳಕೆಯ ವಿಷಯಕ್ಕೆ ಬರೋಣ. ಚಂದಾ ಇರುವುದು ಯಂತ್ರಕ್ಕೆ. ಪ್ರತಿಯೊಂದು ಯಂತ್ರಕ್ಕೂ ತನ್ನದೇ ಗುರುತಿನ ಸಂಖ್ಯೆಯುಂಟು. ಮೂರು ಕಡೆ ಮೂರು ಯಂತ್ರವಿಟ್ಟರೆ ಮೂರು ಚಂದಾ. ಅದಕ್ಕಾಗಿ ಜಾಣ ರೈತನು ಒಂದೇ ಯಂತ್ರವನ್ನು ಕೊಂಡು, ಅದನ್ನು ಕೂರಿಸುವ ತೊಟ್ಟಿಲುಗಳನ್ನು ಮಾತ್ರ ಕಾರಿನಲ್ಲೊಂದು, ಟ್ರ್ಯಾಕ್ಟರಿನಲ್ಲೊಂದು, ಕೊಟ್ಟಿಗೆಯಲ್ಲೊಂದು ಇಡುತ್ತಾನೆ. ಕೂಸು ಒಂದೇ, ತೊಟ್ಟಿಲು ಮೂರು.

ಕಾರಿನಲ್ಲಿ ಆಂಟೆನಾ ಕೂರಿಸುವುದು ಸುಲಭ. ಅದರ ಅಡಿಯಲ್ಲಿ ಅಯಸ್ಕಾಂತವಿರುವುದರಿಂದ ತಗಡಿನ ಚಾವಣಿಗೆ ತಾನಾಗಿ ಕಚ್ಚಿಕೊಳ್ಳುತ್ತದೆ. ಆ ತಗಡು ಬರಿಯ ಆಸರೆಯಲ್ಲ. ತರಂಗಗಳನ್ನು ಹಿಡಿಯುವುದಕ್ಕೂ ಅದು ನೆರವಾಗುತ್ತದೆ. ಟ್ರ್ಯಾಕ್ಟರಿನ ಕೋಣೆಯ ಮೇಲ್ಭಾಗ ಎಷ್ಟೋ ವೇಳೆ ಪ್ಲಾಸ್ಟಿಕ್ಕಿನದಾಗಿರುತ್ತದೆ. ಅಲ್ಲಿ ಅಂಗೈಯಗಲದ ಕಬ್ಬಿಣದ ತಗಡನ್ನು ಭದ್ರಪಡಿಸಿ ಅದರ ಮೇಲೆ ಆಂಟೆನಾ ಇಡತಕ್ಕದ್ದು. ತಂತಿಯನ್ನು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಗದಂತೆ ಒಳಗೆ ತರಬೇಕು. ಎಂಜಿನು ಹೊತ್ತಿದ ಮೇಲೆ ರೇಡಿಯೋ ಹಾಕುವುದು, ಎಂಜಿನು ನಿಲ್ಲಿಸುವಾಗ ಅದನ್ನೂ ಆರಿಸುವುದು ಒಳ್ಳೆಯ ಅಭ್ಯಾಸ. ಇಲ್ಲವಾದರೆ ಬ್ಯಾಟರಿ ಸೊರಗುತ್ತದೆ.

ಯಂತ್ರದ ಧ್ವನಿಯನ್ನು ವಾಹನದ ಧ್ವನಿವರ್ಧಕಕ್ಕೆ ಮುಟ್ಟಿಸಲು ಎರಡು ದಾರಿಗಳು. ನೇರವಾಗಿ ತಂತಿಯಿಂದ ಜೋಡಿಸುವುದು ಉತ್ತಮ. ಇಲ್ಲವೇ ತೊಟ್ಟಿಲಿನೊಳಗಿನ ಕಿರಿಯ ಎಫ್.ಎಂ. ಪ್ರೇಷಕದಿಂದ ವಾಹನದ ರೇಡಿಯೋಗೆ ಕಳುಹಿಸಬಹುದು. ಇದಕ್ಕೆ ನಿಲಯಗಳಿಲ್ಲದ ಖಾಲಿ ಜಾಗವೊಂದನ್ನು ಆರಿಸಬೇಕು. ಪಟ್ಟಣದಲ್ಲಿ ಅಂಥ ಜಾಗ ದುರ್ಲಭ, ಬಯಲುಸೀಮೆಯಲ್ಲಿ ಧಾರಾಳ. ಆದರೆ ಈ ಪ್ರೇಷಕದ ಶಕ್ತಿ ಅತ್ಯಲ್ಪವಾಗಿರಬೇಕೆಂಬುದು ಅಲ್ಲಿನ ಕಾನೂನು. ಇಲ್ಲದಿದ್ದರೆ ಒಬ್ಬನ ಹಾಡು ಪಕ್ಕದ ವಾಹನದವನ ಸುದ್ದಿಯನ್ನು ನುಂಗೀತು!

ಕೊಟ್ಟಿಗೆಯ ಸಂಗತಿಯೇ ಬೇರೆ. ಈ ತರಂಗದ ಉದ್ದ ಸುಮಾರು ೧೩ ಸೆಂಟಿಮೀಟರು ಮಾತ್ರ. ತಗಡಿನ ಮಾಡು, ತಗಡಿನ ಗೋಡೆಯ ಕಟ್ಟಡದೊಳಕ್ಕೆ ಅದು ನುಗ್ಗಲಾರದು. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳೂ ಅದನ್ನು ತಡೆಯಬಲ್ಲವು. ಆದ್ದರಿಂದ ಆಂಟೆನಾ ಹೊರಗಿರಬೇಕು. ಭೂಮಧ್ಯರೇಖೆಯ ಮೇಲೆ ನಿಂತ ಉಪಗ್ರಹ ಅಮೆರಿಕದವರಿಗೆ ದಕ್ಷಿಣ ದಿಕ್ಕಿನಲ್ಲಿ ಕಾಣುವುದರಿಂದ, ದಕ್ಷಿಣದ ಆಕಾಶ ತೆರೆದಿರುವ ಗೋಡೆಯೋ ಮಾಡೋ ಅದಕ್ಕೆ ಯೋಗ್ಯ ಸ್ಥಳ. ತಂತಿ ಉದ್ದವಾದಷ್ಟೂ ಶಕ್ತಿ ಸೋರುತ್ತದೆ. ಧೂಳು, ತೇವ, ಗಂಜಳದ ಆವಿ ಇವು ಮೂರೂ ಯಂತ್ರಕ್ಕೆ ಶತ್ರುಗಳಾದುದರಿಂದ ಗ್ರಾಹಕಯಂತ್ರವನ್ನು ಪಕ್ಕದ ಶುಚಿಯಾದ ಕೋಣೆಯಲ್ಲಿಟ್ಟು, ಧ್ವನಿವರ್ಧಕವನ್ನು ಮಾತ್ರ ಕೊಟ್ಟಿಗೆಯಲ್ಲಿ ತೂಗುಹಾಕುವುದು ವಿವೇಕ.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ಈ ವಿವರಣೆ ಅಪೂರ್ಣವಾದೀತು. ಮೊದಲನೆಯದು ಕಿವಿಯ ವಿಚಾರ. ಎಂಜಿನಿನ ಗದ್ದಲವನ್ನು ಮೀರಿಸಲು ಧ್ವನಿಯನ್ನು ಏರಿಸಿದರೆ ಶ್ರವಣಶಕ್ತಿಗೂ ಹಾನಿ, ಯಂತ್ರದ ಅಪಸ್ವರವೂ ಹಿಂದಿನಿಂದ ಕೂಗಿದ ಮನುಷ್ಯನ ದನಿಯೂ ಕೇಳದೆಹೋಗುವ ಅಪಾಯ. ಎರಡನೆಯದು ಬಿರುಗಾಳಿಯ ವಿಚಾರ. ಉಪಗ್ರಹದ ವಾಣಿ ಇಡೀ ಖಂಡಕ್ಕೆ ಒಂದೇ. ಈ ಹೊಲದ ಮೇಲೆ ಕವಿಯುತ್ತಿರುವ ಮೋಡದ ಸುಳಿವನ್ನು ಕೊಡತಕ್ಕದ್ದು ಹತ್ತಿರದ ನೆಲದ ನಿಲಯ. ಅಮೆರಿಕದ ಸರ್ಕಾರ ೧೬೨ ಮೆಗಾಹರ್ಟ್ಸ್ ಸುಮಾರಿನಲ್ಲಿ ಸ್ಥಳೀಯ ಹವಾಮಾನದ ಎಚ್ಚರಿಕೆಗಳನ್ನು ಪ್ರತ್ಯೇಕವಾಗಿ ಪ್ರಸಾರ ಮಾಡುವುದು ಇದಕ್ಕಾಗಿಯೇ. ದೂರದ ವಾಣಿ ದೊರೆಯಿತೆಂದು ಹತ್ತಿರದ ವಾಣಿಯನ್ನು ಮರೆಯಬಾರದು.

ನಮ್ಮ ನಾಡಿಗೂ ಇಂಥ ವಾಣಿ ಒಮ್ಮೆ ಬಂದಿತ್ತು. ನೋವಾ ಸಮಾರಾ ಎಂಬವರು ೧೯೯೦ರಲ್ಲಿ ಸ್ಥಾಪಿಸಿದ ವರ್ಲ್ಡ್‌ಸ್ಪೇಸ್ ಸಂಸ್ಥೆ ೨೦೦೦ದಲ್ಲಿ ‘ಏಷ್ಯಾಸ್ಟಾರ್’ ಉಪಗ್ರಹವನ್ನು ಹಾರಿಸಿತು. ಬೆಂಗಳೂರಿನ ಮನೆಗಳಲ್ಲಿ ಪೂರ್ವಕ್ಕೆ, ತುಸು ಆಗ್ನೇಯಕ್ಕೆ ಮುಖಮಾಡಿ ಆಂಟೆನಾ ಇಟ್ಟರೆ ಸಾಕು, ಕನ್ನಡದ ‘ಸ್ಪರ್ಶ’, ಕರ್ನಾಟಕ ಸಂಗೀತದ ‘ಶ್ರುತಿ’, ಹಿಂದೂಸ್ತಾನಿಯ ‘ಗಂಧರ್ವ’ ವಾಹಿನಿಗಳು ಜಾಹೀರಾತಿನ ಕಾಟವಿಲ್ಲದೆ ನಿರ್ಮಲವಾಗಿ ಕೇಳುತ್ತಿದ್ದವು. ಆದರೆ ನೆಲದ ಮರುಪ್ರಸಾರದ ಕಂಬಗಳಿಲ್ಲದ ಕಾರಣ ಓಡುವ ವಾಹನಗಳಿಗೆ ಅದು ಒದಗಲಿಲ್ಲ. ೨೦೦೮ರಲ್ಲಿ ಸಂಸ್ಥೆ ದಿವಾಳಿಯಾಯಿತು. ೨೦೦೯ರ ಡಿಸೆಂಬರ್ ೩೧ರಂದು ಭಾರತದ ಸೇವೆ ನಿಂತುಹೋಯಿತು. ಅದರ ಚಂದಾದಾರರಲ್ಲಿ ಬಹುಪಾಲು ಜನ ಭಾರತದವರೇ ಆಗಿದ್ದರು. ಬೇರಾವ ನಿಲಯವನ್ನೂ ಹಿಡಿಯಲಾರದ ಹಲವು ಗ್ರಾಹಕಯಂತ್ರಗಳು ಮನೆಗಳ ಕಪಾಟಿನಲ್ಲಿ ಮೂಕವಾದವು.

ಆಕಾಶವಾಣಿಯ ಹಲವು ವಾಹಿನಿಗಳು ಇಂದು ದೂರದರ್ಶನದ ಫ್ರೀ ಡಿಶ್ ಸೇವೆಯ ಮೂಲಕ ಉಪಗ್ರಹದಿಂದಲೇ, ಮಾಸಿಕ ಚಂದಾ ಇಲ್ಲದೆ, ಮನೆಗೆ ಇಳಿಯುತ್ತಿವೆ. ಆದರೆ ಅದಕ್ಕೆ ಬೇಕಾದ ತಟ್ಟೆಯಾಕಾರದ ಆಂಟೆನಾವನ್ನು ಉಪಗ್ರಹದ ಕಡೆಗೆ ಗುರಿಯಿಟ್ಟು ಕದಲದಂತೆ ನಿಲ್ಲಿಸಬೇಕು. ಟ್ರ್ಯಾಕ್ಟರಿನ ನೆತ್ತಿಯ ಮೇಲೆ ಅದು ನಡೆಯದು. ಅಲ್ಲಿಗೆ ಇಂದಿಗೂ ಒದಗುವುದು ಸಾಮಾನ್ಯ ರೇಡಿಯೋ ಅಥವಾ ಮೊಬೈಲು ಫೋನು.

ಆದುದರಿಂದ ಯಾವುದೇ ಹೊಸ ಗ್ರಾಹಕಯಂತ್ರವನ್ನು ಮನೆಗೆ ತರುವ ಮುನ್ನ ವಾಚಕರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಇದು ಎಷ್ಟು ನಿಲಯಗಳನ್ನು ಹಿಡಿಯಬಲ್ಲದು, ಒಂದನ್ನೋ ಹಲವನ್ನೋ? ಚಂದಾ ನಿಂತ ದಿನ ಇದರಲ್ಲಿ ಏನು ಉಳಿಯುತ್ತದೆ? ನೆರೆ ಬಂದು ವಿದ್ಯುತ್ತು ಹೋದ ರಾತ್ರಿ ಇದು ನಮ್ಮ ಊರಿನ ಸುದ್ದಿಯನ್ನು ನಮಗೆ ಹೇಳಬಲ್ಲದೇ? ಮೂರಕ್ಕೂ ಸಮಾಧಾನವಾದ ಉತ್ತರ ದೊರೆತರೆ ಧಾರಾಳವಾಗಿ ಕೊಳ್ಳಬಹುದು. ದೊರೆಯದಿದ್ದರೂ ಕೊಳ್ಳಬಾರದೆಂದೇನಿಲ್ಲ, ಹಳೆಯ ಟ್ರಾನ್ಸಿಸ್ಟರನ್ನು ಮಾತ್ರ ಗುಜರಿಗೆ ಹಾಕದಿರಿ.