ಚೆಂಡು ಹುಡುಗಿಯರ ಕಾಲಿಗೂ ಸಿಗಲಿ

ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ಪಾಠ ಮಾಡುವಾಗ ಮಕ್ಕಳನ್ನು ನಾನು ಬಯಲಿಗೆ ಕರೆದೊಯ್ಯುತ್ತೇನೆ. ಫುಟ್‌ಬಾಲಿನ ತೂಕ 410ರಿಂದ 450 ಗ್ರಾಂ ಎಂದು ಹೇಳಿ, ಒದೆಯಿರಿ ಎಂದರೆ ಮುಂದೆ ಬರುವವರು ಹುಡುಗರೇ. ಹುಡುಗಿಯರು ಸೂತ್ರ ಬರೆದುಕೊಳ್ಳುತ್ತಾರೆ. ಒಂದು ವರ್ಷ ಮಾತ್ರ ಹುಡುಗಿಯೊಬ್ಬಳು, "ಸರ್, ನಾ ಒದೀಲೇನ್ರಿ?" ಎಂದಳು. ಚೆಂಡು ಬೇಲಿ ದಾಟಿ ಗೋವಿನಜೋಳದ ಹೊಲಕ್ಕೆ ಬಿತ್ತು. ಮರುದಿನದಿಂದ ಎಂಟು ಹುಡುಗಿಯರು ಆಡತೊಡಗಿದರು.

ಆ ಆಟ ಒಂದೇ ವರ್ಷ ನಡೆಯಿತು. ಹತ್ತನೆಯ ತರಗತಿ ಬಂತೆಂದು ವಿಶೇಷ ಪಾಠಕ್ಕಾಗಿ ಅವರನ್ನು ಮೈದಾನದಿಂದ ಕರೆದವನು ನಾನೇ. ತಾಯಿಗೂ ಸಮಾಧಾನವಾಯಿತು. "ಕಾಲು ಮುರಕೊಂಡ್ರ ಹೆಣ್ಣುಮಗಳನ್ನ ಯಾರು ಲಗ್ನ ಆಗ್ತಾರ್ರಿ?" ಎಂಬುದು ಅವರ ಚಿಂತೆಯಾಗಿತ್ತು.

ಹೆಣ್ಣುಮಕ್ಕಳ ಫುಟ್‌ಬಾಲ್ ಕುಗ್ಗಿದ್ದು ಕಾಲಿನ ಬಲ ಸಾಲದೆ ಅಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಅವು ಮತ್ತೆ ತೆರೆಯಲು ಅರ್ಧ ಶತಮಾನ ಹಿಡಿಯಿತು. ಅಮೆರಿಕದಲ್ಲಿ ನಡೆದದ್ದು ಇದರ ವಿರುದ್ಧ. ಸರ್ಕಾರದ ಹಣ ಪಡೆಯುವ ಶಾಲೆ, ಕಾಲೇಜುಗಳು ಹೆಣ್ಣುಮಕ್ಕಳಿಗೆ ಭೇದ ಮಾಡಬಾರದೆಂಬ ಕಾನೂನು 1972ರಲ್ಲಿ ಬಂತು. 1991ರ ಮೊದಲ ಮಹಿಳಾ ವಿಶ್ವಕಪ್ ಅವರದೇ ಆಯಿತು. ನಮ್ಮ ದೇಶದ ವನಿತೆಯರೂ 1983ರಲ್ಲಿ ಏಷ್ಯಾದಲ್ಲಿ ಎರಡನೆಯ ಸ್ಥಾನ ಪಡೆದಿದ್ದರು. ಆಮೇಲೆ ಹಿಂದೆ ಬಿದ್ದು, 2025ರ ಜುಲೈನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್‌ಗೆ ಅರ್ಹತೆ ಗಳಿಸಿದರು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶಾಲೆಗಳಲ್ಲಿ ಖೋಖೋ ಆಡುವ ಹುಡುಗಿಯರನ್ನು ನೋಡಿ. ಓಡುತ್ತಲೇ ದಿಕ್ಕು ಬದಲಿಸುವ ಆ ಚುರುಕೇ ಫುಟ್‌ಬಾಲಿಗೆ ಬೇಕಾದದ್ದು. ದೊಡ್ಡ ಮೈದಾನವೂ ಬೇಡ. ತಂಡಕ್ಕೆ ಐವರೋ ಏಳು ಜನರೋ ಇದ್ದರೆ ಶಾಲೆಯ ಬಯಲೇ ಸಾಕು. ಹನ್ನೆರಡರೊಳಗಿನವರಿಗೆ ತುಸು ಹಗುರವಾದ, ನಾಲ್ಕನೆಯ ಅಳತೆಯ ಚೆಂಡು ಕೊಡಿ. ಆದರೆ ಸಂಜೆಯ ಆಟವೆಂದರೆ ಹಳ್ಳಿಯ ಹುಡುಗಿಗೆ ಬಸ್ಸು ತಪ್ಪುತ್ತದೆ. ಆಟದ ಅವಧಿ ವೇಳಾಪಟ್ಟಿಯೊಳಗೇ ಇರಬೇಕು, ಗಣಿತದವರು ಅದನ್ನು ಕಸಿದುಕೊಳ್ಳಬಾರದು. (ವಿಜ್ಞಾನದವರೂ!) ಶಾಲೆ ಬಿಟ್ಟವರಿಗೆ ಊರಿನ ಕ್ಲಬ್ಬಿನ ಯುವಕರು ರವಿವಾರ ಬೆಳಿಗ್ಗೆ ಒಂದು ತಾಸು ಮೈದಾನ ಬಿಟ್ಟುಕೊಡಲಿ. ತಲೆವಸ್ತ್ರ ತೊಟ್ಟು ಆಡಲು 2014ರಿಂದ ಅಂತರರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ.

ಆ ತಾಯಿಯ ಭಯವನ್ನೂ ನಕ್ಕು ತಳ್ಳುವಂತಿಲ್ಲ. ಹುಡುಗಿಯರಲ್ಲಿ ಮೊಣಕಾಲಿನ ಒಳ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹೆಚ್ಚು. ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ಓಟ, ಸಮತೋಲನ, ನೆಗೆದು ಮೊಣಕಾಲು ಬಾಗಿಸಿ ಇಳಿಯುವ ಅಭ್ಯಾಸ ಮಾಡಿಸಿದರೆ ಈ ಗಾಯಗಳು ಬಹಳಷ್ಟು ತಗ್ಗುತ್ತವೆ. ಅಂದು ನಾನು ಆಕೆಗೆ ಇದನ್ನು ಹೇಳಬೇಕಿತ್ತು.

ಆ ಹುಡುಗಿಯ ತಂಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಹೋದ ಶನಿವಾರ ಶಾಲೆ ಬಿಟ್ಟ ಮೇಲೆ ಕಪಾಟಿನ ಕೀಲಿ ಕೇಳಿಕೊಂಡು ಬಂದಳು. ಚೆಂಡಿನಲ್ಲಿ ಗಾಳಿ ಇರಲಿಲ್ಲ. ಸೈಕಲ್ ಅಂಗಡಿಗೆ ಇಬ್ಬರೂ ಹೋದೆವು.