ಎರಡು ಮನೆ, ಎರಡು ರಕ್ತರೋಗ: ಪರೀಕ್ಷೆ ಹೇಗೆ?

ಪ್ರಶ್ನೆ: ನನ್ನ ಅಕ್ಕನ ಮಗನಿಗೆ ಬೀಟಾ ಥಲಸ್ಸೇಮಿಯಾ. ನಾನು ಮದುವೆಯಾಗಲಿರುವ ಹುಡುಗಿಯ ತಮ್ಮನಿಗೆ ಸಿಕಲ್ ಸೆಲ್ ಕಾಯಿಲೆ. ಎರಡೂ ಬೇರೆ ರೋಗಗಳಲ್ಲವೇ? ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಆದರೂ ಪರೀಕ್ಷೆ ಬೇಕೇ?

ಉತ್ತರ: ಖಂಡಿತ ಬೇಕು, ಅದೂ ಮದುವೆಗೆ ಮೊದಲೇ. ಹೆಸರು ಬೇರೆಯಾದರೂ ಎರಡೂ ಒಂದೇ ಜೀನಿನ ದೋಷಗಳು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯನ್ನು ತಯಾರಿಸುವ ಈ ಜೀನ್ 11ನೇ ವರ್ಣತಂತುವಿನಲ್ಲಿದೆ. ಸಿಕಲ್ ಸೆಲ್‌ನಲ್ಲಿ ಸರಪಳಿಯ ರಚನೆ ತಪ್ಪಾಗುತ್ತದೆ. ಥಲಸ್ಸೇಮಿಯಾದಲ್ಲಿ ಸರಪಳಿಯೇ ಸಾಕಷ್ಟು ತಯಾರಾಗುವುದಿಲ್ಲ.

ನೀವು ಥಲಸ್ಸೇಮಿಯಾದ, ಅವರು ಸಿಕಲ್ ಸೆಲ್‌ನ ವಾಹಕರಾಗಿದ್ದರೆ (ಅಂದರೆ ದೋಷವಿರುವ ಜೀನಿನ ಒಂದೇ ಪ್ರತಿ ಹೊತ್ತು ಆರೋಗ್ಯವಾಗಿಯೇ ಇರುವವರಾಗಿದ್ದರೆ) ಪ್ರತಿ ಬಸುರಿನಲ್ಲೂ ಮಗುವಿಗೆ ಎರಡೂ ದೋಷ ಬರುವ ಸಾಧ್ಯತೆ ಶೇ 25. ಆಗ ಬರುವುದು ಸಿಕಲ್-ಬೀಟಾ ಥಲಸ್ಸೇಮಿಯಾ: ರಕ್ತಹೀನತೆ, ಪದೇ ಪದೇ ಮೂಳೆನೋವು, ಸೋಂಕಿನ ಭಯ. ಮೊದಲ ಮಗು ಚೆನ್ನಾಗಿದೆಯೆಂದು ಎರಡನೆಯದರ ಅಪಾಯ ತಗ್ಗುವುದಿಲ್ಲ.

ಮೊದಲು ಇಬ್ಬರೂ ಸಿಬಿಸಿ ಮತ್ತು ಎಚ್‌ಪಿಎಲ್‌ಸಿ ರಕ್ತಪರೀಕ್ಷೆ ಮಾಡಿಸಿ. ವರದಿಯಲ್ಲಿ ‘ಹಿಮೋಗ್ಲೋಬಿನ್ ಎ2’ ಸಾಮಾನ್ಯವಾಗಿ ಶೇ 3.5 ಮೀರಿದ್ದರೆ ಅದು ಬೀಟಾ ಥಲಸ್ಸೇಮಿಯಾ ವಾಹಕರ ಗುರುತು. ‘ಹಿಮೋಗ್ಲೋಬಿನ್ ಎಸ್’ ಕಂಡರೆ ಸಿಕಲ್ ಸೆಲ್. ಕಬ್ಬಿಣಾಂಶದ ಕೊರತೆ ಎ2 ಪ್ರಮಾಣವನ್ನು ತಗ್ಗಿಸಿ ದಾರಿ ತಪ್ಪಿಸಬಹುದು, ಅದನ್ನೂ ನೋಡಿಸಿ. ಶಿಬಿರಗಳಲ್ಲಿ ಮಾಡುವ ಸಿಕಲ್ ಸೆಲ್‌ನ ದಿಢೀರ್ ಪರೀಕ್ಷೆಯನ್ನಷ್ಟೇ ನಂಬಬೇಡಿ. ಅದರಲ್ಲಿ ಥಲಸ್ಸೇಮಿಯಾ ಸಿಕ್ಕಿಬೀಳುವುದಿಲ್ಲ.

ಇಬ್ಬರೂ ವಾಹಕರೆಂದಾದರೆ ಡಿಎನ್‌ಎ ಪರೀಕ್ಷೆ. ಅಕ್ಕನ ಮಗನ ವರದಿಯಿದ್ದರೆ ಜೆನೆಟಿಕ್ ಕೌನ್ಸೆಲರ್ ಬಳಿಗೆ ಒಯ್ಯಿರಿ: ಯಾವ ದೋಷವನ್ನು ಹುಡುಕಬೇಕೆಂದು ಅದು ಹೇಳುತ್ತದೆ. ಆ ವಿವರ ಕೈಯಲ್ಲಿದ್ದರೆ, ಬಸುರಿನ ಸುಮಾರು 11ನೇ ವಾರದಿಂದಲೇ ಭ್ರೂಣದ ಪರೀಕ್ಷೆ ಸಾಧ್ಯ.