ಮನೆಯ ಗಣಕಯಂತ್ರವೂ ತಾಯಿಯ ಹಾಡುಗಳೂ

ವಿದ್ಯಾರ್ಥಿಗಳಾದ ಹುಡುಗರು ಹಗಲಿರುಳೆನ್ನದೆ ಗಣಕಯಂತ್ರದ ಮುಂದೆ ಕುಳಿತು ಕಾಲಹರಣ ಮಾಡುವರೆಂಬ ದೂರು ಇಂದು ಯಾವ ಮನೆಯಲ್ಲಿ ತಾನೆ ಕೇಳಿಬರುವುದಿಲ್ಲ? 35 ವರ್ಷಗಳ ಕಾಲ ಉಪಾಧ್ಯಾಯರಾಗಿದ್ದು ಈಚೆಗೆ ವಿಶ್ರಾಂತಿ ಪಡೆದಿರುವ ನಾವೂ ಈ ದೂರನ್ನು ಹೇಳುವವರ ಪಂಕ್ತಿಯಲ್ಲಿಯೇ ಇದ್ದೆವು. ಆದರೆ ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿಯಿಂದ ನಮ್ಮ ಅಭಿಪ್ರಾಯವು ಬಹುಮಟ್ಟಿಗೆ ಬದಲಾಯಿತು. ಅದರಿಂದ ಇತರ ಗೃಹಸ್ಥರಿಗೂ ಪ್ರಯೋಜನವಾದೀತೆಂದು ಭಾವಿಸಿ, ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮ್ಮ ತಂಗಿಯ ಮಗನು ನಮ್ಮ ಮನೆಯಲ್ಲಿದ್ದುಕೊಂಡು ಬಿ.ಎಸ್‌ಸಿ. ತರಗತಿಯಲ್ಲಿ ಭೌತಶಾಸ್ತ್ರವನ್ನು ಓದುತ್ತಿರುವನು. ಮಹಡಿಯ ಮೇಲಿನ ಅವನ ಕೊಠಡಿಯನ್ನು ಹೊಕ್ಕರೆ, ಅದು ವ್ಯಾಸಂಗದ ಕೊಠಡಿಯೋ ಗಡಿಯಾರ ರಿಪೇರಿಯ ಅಂಗಡಿಯೋ ಎಂಬ ಶಂಕೆ ಹುಟ್ಟುವುದು. ಎತ್ತ ನೋಡಿದರೂ ತಂತಿಗಳು, ಬಿಚ್ಚಿಟ್ಟ ಮುಚ್ಚಳಗಳು, ಸ್ಕ್ರೂಗಳನ್ನು ತುಂಬಿದ ಬಟ್ಟಲುಗಳು. ಯಾರೋ ಕೆಲಸಕ್ಕೆ ಬಾರದೆಂದು ಮಾರಿದ ಹಳೆಯ ಲ್ಯಾಪ್‌ಟಾಪೊಂದನ್ನು ಅವನು ಅಲ್ಪ ಬೆಲೆಗೆ ಕೊಂಡುತಂದು, ಅದರ ಬೀಸಣಿಗೆಯ ಧೂಳನ್ನು ತೆಗೆದು, ತಿರುಗುವ ಹಳೆಯ ಹಾರ್ಡ್ ಡಿಸ್ಕಿಗೆ ಬದಲಾಗಿ ಹೊಸ ಬಗೆಯ ನಿಶ್ಚಲ ಡಿಸ್ಕನ್ನು ಜೋಡಿಸಿ, ಲಿನಕ್ಸ್ ಎಂಬ ತಂತ್ರಾಂಶವನ್ನು ಅದರಲ್ಲಿ ಸ್ಥಾಪಿಸಿದನು. ಸತ್ತಂತಿದ್ದ ಯಂತ್ರವು ಎದ್ದು ಕುಳಿತಿತು.

ಈ ಲಿನಕ್ಸ್ ಎಂಬುದರ ಜನ್ಮವೃತ್ತಾಂತವೂ ಒಬ್ಬ ವಿದ್ಯಾರ್ಥಿಯ ಕೊಠಡಿಯದೇ ಆಗಿದೆ. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 21 ವರ್ಷದ ಲಿನಸ್ ಟೊರ್ವಾಲ್ಡ್ಸ್ ಎಂಬಾತನು ತನ್ನ ಮನೆಯ ಯಂತ್ರಕ್ಕೆಂದು, ಬರಿಯ ಹವ್ಯಾಸಕ್ಕಾಗಿ, ಇದನ್ನು ಬರೆಯತೊಡಗಿದನು. ನಮ್ಮ ಅನೇಕರ ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಿರುಳೂ ಇಂದು ಅದೇ ಆಗಿದೆ. ಹುಡುಗನು ಈ ಕಥೆಯನ್ನು ಹೇಳಿದಾಗ ನಾವು ನಕ್ಕು, "ಪರೀಕ್ಷೆಯಲ್ಲಿ ಇದನ್ನು ಕೇಳುವರೇನಪ್ಪಾ?" ಎಂದೆವು. ಅವನು ಉತ್ತರ ಕೊಡಲಿಲ್ಲ.

ಆ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ತಟ್ಟೆಯನ್ನಿಡುವ ಸ್ಥಳವಿತ್ತು. ಈಗಿನ ಯಂತ್ರಗಳಲ್ಲಿ ಅದು ಅಪರೂಪ. ಅದನ್ನು ಕಂಡೊಡನೆ ನಮ್ಮ ಮನಸ್ಸಿಗೆ ಒಂದು ಹಳೆಯ ನೋವು ನೆನಪಾಯಿತು.

ನಮ್ಮ ತಾಯಿಯವರಿಗೆ ಅಕ್ಷರಜ್ಞಾನವಿರಲಿಲ್ಲ. ಹಾಡುಗಳು ಮಾತ್ರ ಬಾಯಿತುಂಬ ಇದ್ದುವು. ಹಸೆಯ ಹಾಡು, ಆರತಿಯ ಹಾಡು, ಬೀಸುವ ಹಾಡು, ಜೋಗುಳ ಇವುಗಳನ್ನೆಲ್ಲ 2003ರ ಬೇಸಗೆಯ ರಜೆಯಲ್ಲಿ ನಾವು ಅವರ ಬಳಿ ಕುಳಿತು ನಾಲ್ಕು ನೋಟುಪುಸ್ತಕಗಳಲ್ಲಿ ಬರೆದುಕೊಂಡೆವು. ಮರುವರ್ಷ ಬೆರಳಚ್ಚಿನ ಅಂಗಡಿಯೊಂದರಲ್ಲಿ ಗಣಕಯಂತ್ರಕ್ಕೆ ಹಾಕಿಸಿ, ತಟ್ಟೆಯನ್ನು ಬೀರುವಿನಲ್ಲಿಟ್ಟೆವು. 2009ರಲ್ಲಿ ತಾಯಿಯವರು ತೀರಿಕೊಂಡರು. ಆಮೇಲೆ ಕೆಲವು ವರ್ಷಗಳಲ್ಲಿ ನೋಟುಪುಸ್ತಕಗಳು ಗೆದ್ದಲಿಗೆ ಆಹಾರವಾದುವು. ಉಳಿದುದು ತಟ್ಟೆಯೊಂದೇ. ಅದನ್ನು ಒಮ್ಮೆ ಬೇರೊಂದು ಯಂತ್ರದಲ್ಲಿ ತೆರೆದು ನೋಡಿದಾಗ, ತಾಯಿಯ ಹಾಡಿನ ಬದಲಿಗೆ ರೋಮನ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆಗಳಿದ್ದ ಯೂರೋಪಿನ ಯಾವುವೋ ಚಿಹ್ನೆಗಳೂ ಪುಟತುಂಬ ಚೆಲ್ಲಿದ್ದುವು. ಎಲ್ಲವೂ ಕೆಟ್ಟುಹೋಯಿತೆಂದು ತಿಳಿದು ಕೈಬಿಟ್ಟಿದ್ದೆವು.

ಹುಡುಗನು ಆ ಪುಟವನ್ನು ಬಹಳ ಹೊತ್ತು ನೋಡಿ, "ಮಾವ, ಇದು ಕೆಟ್ಟಿಲ್ಲ, ವೇಷ ಹಾಕಿದೆ ಅಷ್ಟೆ" ಎಂದನು. ಅವನು ತಿಳಿಸಿದ ವಿಷಯವನ್ನು ಸಂಗ್ರಹಿಸಿ ಹೇಳುವೆವು. ಗಣಕಯಂತ್ರವು ಅಕ್ಷರವನ್ನು ಅರಿಯದು. ಸಂಖ್ಯೆಯನ್ನು ಮಾತ್ರ ಅರಿಯುವುದು. ಆ ಕಾಲದ ಕನ್ನಡ ತಂತ್ರಾಂಶಗಳಿಗೆ ಹೆಚ್ಚೆಂದರೆ 256 ಸಂಖ್ಯೆಗಳು ದೊರೆಯುತ್ತಿದ್ದುವು. ರೋಮನ್ ಅಕ್ಷರಗಳಿಗೂ ಯೂರೋಪಿನ ಚಿಹ್ನೆಗಳಿಗೂ ಮೀಸಲಾದ ಆ ಸ್ಥಾನಗಳಲ್ಲಿಯೇ ಕನ್ನಡದ ತಲೆಕಟ್ಟು, ಗುಡಿಸು, ಒತ್ತು ಮುಂತಾದ ತುಂಡುಗಳ ಚಿತ್ರಗಳನ್ನು ಕೂರಿಸುತ್ತಿದ್ದರು. ಆ ಚಿತ್ರಗಳ ಕಡತ, ಎಂದರೆ ಫಾಂಟು, ಯಂತ್ರದಲ್ಲಿದ್ದರೆ ಕನ್ನಡ ಕಾಣುವುದು. ಇಲ್ಲವಾದರೆ ವೇಷದ ಅಕ್ಷರಗಳು ಕಾಣುವುವು. ಇದಕ್ಕೆ ಪರಿಹಾರವೇ ಯೂನಿಕೋಡ್. ಅದರ ಮೊದಲ ಆವೃತ್ತಿಯು ಹೊರಬಂದುದೂ ಅದೇ 1991ರಲ್ಲಿ. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಒಂದು ಪ್ರತ್ಯೇಕ ಕೇರಿಯನ್ನೇ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ತುಂಡುಚಿತ್ರಗಳಿಗೆ ಎಡೆಯಿಲ್ಲ. ಸ್ವರ, ವ್ಯಂಜನ, ಸ್ವರಚಿಹ್ನೆ ಇವುಗಳಿಗೇ ಸಂಖ್ಯೆ. 'ಕ್ಷ' ಎಂಬುದು ಅಲ್ಲಿ ಒಂದು ಚಿತ್ರವಲ್ಲ. ಕಕಾರ, ಹಲಂತ ಚಿಹ್ನೆ, ಷಕಾರ ಈ ಮೂರರ ಸಂಯೋಗ. ಇದನ್ನು ಕೇಳಿ, ವ್ಯಾಕರಣವನ್ನು ಓದಿದ ನಮಗೆ ಪರಮಸಂತೋಷವಾಯಿತು. ಸಂಯುಕ್ತಾಕ್ಷರವನ್ನು ಬಿಡಿಸಿ ಹೇಳೆಂದು ನಾವು ಮಕ್ಕಳ ಕಿವಿ ಹಿಂಡಿ ಕಲಿಸಿದುದನ್ನೇ ಯಂತ್ರವೂ ಕಲಿತಿದೆಯಲ್ಲ!

ಹಳೆಯ ಕಡತವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಸಿದ್ಧವಾಗಿಯೇ ದೊರೆಯುವುವು. ಆದರೆ ತಾನೇ ಮಾಡಿ ನೋಡಬೇಕೆಂಬುದು ಹುಡುಗನ ಹಟ. ಪೈಥಾನ್ ಎಂಬ ಗಣಕಭಾಷೆಯಲ್ಲಿ ಒಂದು ಕ್ರಮವಿಧಿಯನ್ನು ಬರೆದು, ಎರಡು ದಿನದ ಮೇಲೆ ನಮ್ಮನ್ನು ಕರೆದು ತೋರಿಸಿದನು. ಕನ್ನಡವೇನೋ ಬಂದಿತ್ತು; ಆದರೆ 'ಧರ್ಮ' ಎಂಬುದು 'ಧಮರ್' ಎಂದೂ, 'ಮೂರ್ತಿ' ಎಂಬುದು 'ಮೂತಿರ್' ಎಂದೂ ಆಗಿದ್ದಿತು. 'ಕರ್ನಾಟಕ'ವು 'ಕನಾರ್ಟಕ'ವಾಗಿರುವುದನ್ನು ವಾಚಕರೂ ಅಲ್ಲಲ್ಲಿ ಕಂಡಿರಬಹುದು. ಅದರ ಮೂಲವೂ ಇದೇ. ಅರ್ಕಾವತ್ತನ್ನು ನಾವು ಉಚ್ಚರಿಸುವುದು ಮೊದಲು, ಬರೆಯುವುದು ಕಡೆಗೆ. ಹಳೆಯ ಕಡತವು ಬರೆಹದ ಕ್ರಮವನ್ನು ಅನುಸರಿಸಿತ್ತು. ಯೂನಿಕೋಡು ಉಚ್ಚಾರಣೆಯ ಕ್ರಮವನ್ನು ಅನುಸರಿಸುವುದು.

ಹುಡುಗನು ರೇಫವನ್ನು ಒಂದು ಸ್ಥಾನ ಹಿಂದಕ್ಕೆ ಸರಿಸಿದನು. 'ಧರ್ಮ' ಸರಿಹೋಯಿತು, 'ಮೂರ್ತಿ' ಮುರಿದುಬಿದ್ದಿತು. ಆಗ ನಾವು ಕುರ್ಚಿಯನ್ನು ಎಳೆದುಕೊಂಡು ಅವನ ಪಕ್ಕದಲ್ಲಿ ಕುಳಿತೆವು. "ಅಪ್ಪಾ, ಸ್ಥಾನವನ್ನು ಎಣಿಸಬೇಡ, ಅಕ್ಷರವನ್ನು ಎಣಿಸು. ವ್ಯಂಜನ, ಅದಕ್ಕೆ ಒತ್ತುಗಳಿದ್ದರೆ ಒತ್ತುಗಳು, ಮೇಲೆ ಸ್ವರಚಿಹ್ನೆ, ಇಷ್ಟೂ ಸೇರಿದರೆ ಒಂದು ಅಕ್ಷರ. ರೇಫವು ಆ ಇಡೀ ಅಕ್ಷರವನ್ನು ದಾಟಿ ಅದರ ಮುಂಗಡೆಗೆ ಬರಬೇಕು. 'ಪಾರ್ಶ್ವ' ಎಂಬಲ್ಲಿ ಶಕಾರವನ್ನೂ ವಕಾರವನ್ನೂ ಎರಡನ್ನೂ ದಾಟಬೇಕು" ಎಂದೆವು. ಹುಡುಗನು ಆರೇಳು ಸಾಲುಗಳನ್ನು ತಿದ್ದಿದನು. ಗುಂಡಿಯನ್ನೊತ್ತಿದೊಡನೆ 86 ಹಾಡುಗಳೂ ಸರಿಯಾದ ಕನ್ನಡದಲ್ಲಿ ತೆರೆಯ ಮೇಲೆ ನಿಂತುವು. ನಮ್ಮ ಕಣ್ಣು ತೇವವಾದುದನ್ನು ಅವನು ನೋಡಿಯೂ ನೋಡದಂತಿದ್ದನು.

ಇನ್ನು ಪುಸ್ತಕ ಮಾಡುವ ಕೆಲಸ. ವಿದ್ಯುನ್ಮಾನ ಪುಸ್ತಕವೆಂಬುದು ತೀರ ಹೊಸದಲ್ಲ. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಹಾರ್ಟ್ ಎಂಬ ವಿದ್ಯಾರ್ಥಿಯು ಆ ದೇಶದ ಸ್ವಾತಂತ್ರ್ಯಘೋಷಣೆಯನ್ನು ಗಣಕಯಂತ್ರಕ್ಕೆ ಬೆರಳಚ್ಚಿಸಿ, ಗುಟೆನ್‌ಬರ್ಗ್ ಯೋಜನೆಗೆ ನಾಂದಿ ಹಾಡಿದನು. ಈಗ ಬಳಕೆಯಲ್ಲಿರುವ ಇಪಬ್ ಎಂಬ ಪುಸ್ತಕರೂಪವು ಹೊರಗೆ ನೋಡಲು ಒಂದೇ ಕಡತ. ಒಳಗೆ ಅಧ್ಯಾಯಗಳೂ ಚಿತ್ರಗಳೂ ವಿಷಯಸೂಚಿಯೂ ಬೇರೆ ಬೇರೆ ಕಡತಗಳಾಗಿ ಗಂಟುಕಟ್ಟಿರುವುವು. ಈ ಗಂಟನ್ನು ಕಟ್ಟಲು ಹುಡುಗನು ಬಳಸಿದುದು ಕ್ಯಾಲಿಬರ್ ಎಂಬ, ಧರ್ಮಾರ್ಥವಾಗಿ ದೊರೆಯುವ ತಂತ್ರಾಂಶವನ್ನು. 2006ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಕೋವಿದ ಗೋಯಲ್ ಎಂಬವರು, ಆಗತಾನೆ ಬಂದಿದ್ದ ಸೋನಿ ಓದುಯಂತ್ರವು ಲಿನಕ್ಸಿನೊಡನೆ ಮಾತನಾಡದಿದ್ದುದನ್ನು ಕಂಡು, ಅದರ ಗುಟ್ಟನ್ನು ತಾವೇ ಬಿಡಿಸಿ ಇದನ್ನು ಆರಂಭಿಸಿದರು. ಕೋವಿದನೆಂದರೆ ಬಲ್ಲವನು, ಹೆಸರು ಅನ್ವರ್ಥವಾಗಿದೆ.

ನಮ್ಮ ಅಕ್ಕನವರು ನಮ್ಮೊಡನೆಯೇ ಇರುವರು. ಕಣ್ಣಿನ ಶಸ್ತ್ರಚಿಕಿತ್ಸೆಯಾದ ಮೇಲೂ ಸಣ್ಣಕ್ಷರವು ಅವರಿಗೆ ಕಾಣದು. ಹುಡುಗನು ಪುಸ್ತಕವನ್ನು ಓದುಯಂತ್ರಕ್ಕೆ ಇಳಿಸಿ, ಅಕ್ಷರಗಳನ್ನು ಅಡಕೆಯಷ್ಟು ದೊಡ್ಡದು ಮಾಡಿ, "ದೊಡ್ಡಮ್ಮ, ಓದಿ" ಎಂದು ಕೈಗಿತ್ತನು. ಅಕ್ಕನವರು ಮೊದಲ ಹಾಡನ್ನು ರಾಗದಿಂದ ಹೇಳಲಾರಂಭಿಸಿ, ನಾಲ್ಕನೆಯ ಸಾಲಿನಲ್ಲಿ ನಿಂತರು.

"ಇದು ಯಾರು ಬರೆದದ್ದೋ? ಅಮ್ಮ 'ಧರುಮ' ಅನ್ನುತ್ತಿದ್ದಳು. 'ಧರ್ಮ' ಅಂದರೆ ತಾಳ ಎಲ್ಲಿ ಕೂರುತ್ತದೆ? ಆರತಿ ಹಾಡಿನಲ್ಲಿಯೂ 'ಮೂರುತಿ' ಅನ್ನುತ್ತಿದ್ದಳು ಕಣೋ."

ನಾವು ತಲೆತಗ್ಗಿಸಿದೆವು. ಬರೆದುಕೊಳ್ಳುವಾಗ ಪಂಡಿತರಾದ ನಾವೇ ತಾಯಿಯ ಮಾತನ್ನು ತಿದ್ದಿ 'ಶುದ್ಧ' ಮಾಡಿದ್ದೆವು! ಯಾವ ಅರ್ಕಾವತ್ತನ್ನು ಸ್ವಸ್ಥಾನಕ್ಕೆ ತರಲು ಮೂರು ದಿನ ಹೆಣಗಿದೆವೋ, ಅದು ತಾಯಿಯ ಬಾಯಲ್ಲಿ ಎಂದೂ ಇದ್ದುದೇ ಇಲ್ಲ. ಅಕ್ಕನವರ ನೆನಪಿಗೆ ಬಂದ 23 ಕಡೆಗಳಲ್ಲಿ ಹುಡುಗನು ಆಗಲೇ ತಿದ್ದಿದನು. ಮಿಕ್ಕ ಹಾಡುಗಳಲ್ಲಿ ನಾವು ಅಳಿಸಿದ ಮಾತುಗಳು ಅಳಿದೇ ಹೋದುವು. ಯಂತ್ರವು ತನಗೆ ಒಪ್ಪಿಸಿದುದನ್ನು 20 ವರ್ಷ ಕಾದಿಟ್ಟಿತು. ಒಪ್ಪಿಸದುದನ್ನು ಅದು ಎಲ್ಲಿಂದ ತಂದೀತು?

ಆದಕಾರಣ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮನೆಯ ಹಿರಿಯರ ಹಾಡು, ಕಥೆ, ಅಡುಗೆಯ ವಿಧಾನ ಇವುಗಳನ್ನು ಅವರಿರುವಾಗಲೇ, ಅವರು ಆಡಿದಂತೆಯೇ ಬರೆದಿಡಿರಿ. ಸಾಧ್ಯವಾದರೆ ಧ್ವನಿಯನ್ನೂ ಹಿಡಿದಿಡಿರಿ. ಹಳೆಯ ಕನ್ನಡ ಕಡತಗಳಿದ್ದರೆ ಈಗಲೇ ಯೂನಿಕೋಡಿಗೆ ತಿರುಗಿಸಿರಿ. ಪ್ರತಿಯನ್ನು ಒಂದೇ ಕಡೆಯಲ್ಲಿಡದೆ ಮೂರು ಕಡೆಗಳಲ್ಲಿಡಿರಿ. ಅದರಲ್ಲಿ ಒಂದು ಕಾಗದದ ಪ್ರತಿಯಿರಲಿ. ಅನ್ಯರ ಭಂಡಾರವನ್ನೇ ನಂಬಿ ಕೂರುವುದು ತರವಲ್ಲ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪನಿಯವರು, ಹಕ್ಕಿಲ್ಲದವರು ಮಾರಿದ್ದ ಪ್ರತಿಗಳೆಂದು ಹೇಳಿ, ಜಾರ್ಜ್ ಆರ್ವೆಲ್ಲರ ಎರಡು ಪುಸ್ತಕಗಳನ್ನು ಕೊಂಡವರ ಓದುಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿದರು. ಹಣವನ್ನೇನೋ ಹಿಂದಿರುಗಿಸಿದರು, ಆದರೆ ಪುಸ್ತಕದ ಮೇಲೆ ಟಿಪ್ಪಣಿ ಬರೆದುಕೊಂಡಿದ್ದ ವಿದ್ಯಾರ್ಥಿಯೊಬ್ಬನ ಶ್ರಮವು ಕೆಲಸಕ್ಕೆ ಬಾರದಂತಾಯಿತು.

ಕಡೆಯದಾಗಿ, ಮಗನೋ ಮಗಳೋ ಯಂತ್ರವನ್ನು ಬಿಚ್ಚಿ ಕುಳಿತಿದ್ದರೆ ಗದರಿಸುವುದಕ್ಕೆ ಮುಂಚೆ, ಏನು ಮಾಡುತ್ತಿರುವೆಯೆಂದು ಒಮ್ಮೆ ಪಕ್ಕದಲ್ಲಿ ಕುಳಿತು ಕೇಳಿರಿ. ಆಟವಾಡುತ್ತಿದ್ದರೆ ಗದರಿಸಲು ಆಮೇಲೂ ಕಾಲವಿರುವುದು. ನಮ್ಮ ಮನೆಯಲ್ಲಿ ಈಗ ಸಾಯಂಕಾಲ ದೀಪ ಹಚ್ಚಿದ ಮೇಲೆ ಅಕ್ಕನವರು ಹಾಡುವರು. ಹುಡುಗನು ಧ್ವನಿಮುದ್ರಣ ಮಾಡುವನು. ನಾವು ಕೇಳಿದಂತೆಯೇ ಬರೆದುಕೊಳ್ಳುವೆವು. ತಿದ್ದುವುದಿಲ್ಲ.